ತಾತನ ಟ್ರಂಕಿನಲ್ಲಿ ಕಾಫಿ ತೋಟದ ಹಳೇ ಫೋಟೊ: ಒರೆಸಲೇ, ಬಿಸಿಲಿಗಿಡಲೇ?

ಪ್ರಶ್ನೆ: ಮೇಡಂ, ನಮ್ಮದು ಸೋಮವಾರಪೇಟೆ ಕಡೆಯ ಹಳ್ಳಿ. ನಮ್ಮ ತಾತ 1930–40ರ ದಶಕಗಳಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಆಗಿದ್ದರು. ದೊರೆ ತಮ್ಮ ದೇಶಕ್ಕೆ ವಾಪಸ್ ಹೋಗುವಾಗ ಕೊಟ್ಟ ಫೋಟೊಗಳ ಟ್ರಂಕು ನಮ್ಮ ಅಟ್ಟದಲ್ಲಿತ್ತು. ಮನೆ ರಿಪೇರಿಗೆ ಅಂತ ಈಗ ಇಳಿಸಿದ್ದೇವೆ. ಹಣ್ಣು ಕೊಯ್ಯುವ ಹೆಂಗಸರು, ಕಣದಲ್ಲಿ ಕಾಫಿ ಹರಡುವವರು, ಲೈನ್ ಮನೆ (ತೋಟದ ಆಳುಗಳ ಸಾಲು ಮನೆ) ಮುಂದೆ ಸಾಲಾಗಿ ನಿಂತ ಆಳುಗಳು, ಮರ ಎಳೆಯುವ ಆನೆ, ಹೀಗೆ ಸುಮಾರು ಇವೆ. ಕೆಲವಕ್ಕೆ ಬಿಳಿ ಬೂಷ್ಟು ಹಿಡಿದಿದೆ. ಕೆಲವದರ ಅಂಚಿನಲ್ಲಿ ಬೆಳ್ಳಿ ಹೊಳಪು. ತಾತ ಇರುವ ದೊಡ್ಡ ಗ್ರೂಪ್ ಫೋಟೊ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ. ಒಂದು ಡಬ್ಬಿ ತುಂಬಾ ಗಾಜಿನ ಪ್ಲೇಟುಗಳಿವೆ. ಇನ್ನೊಂದು ಕವರಿನಲ್ಲಿ ನೆಗೆಟಿವ್‌ಗಳಿವೆ, ತೆರೆದರೆ ವಿನೆಗರ್ ವಾಸನೆ. ಒಲೆ ಮೇಲಿನ ಅಟ್ಟದಲ್ಲೇ ಇಡಿ ಅಂತ ಒಬ್ಬರು, ಬಿಸಿಲಿಗೆ ಹಾಕಿ ಅಂತ ಇನ್ನೊಬ್ಬರು. ಲ್ಯಾಮಿನೇಶನ್ ಮಾಡಿ, ಎಐನಲ್ಲಿ ಬಣ್ಣ ಹಾಕಿ ಕೊಡ್ತೀವಿ ಅಂತ ಸ್ಟುಡಿಯೊದವರು ಹೇಳಿದರು. ಹಳೇ ನೆಗೆಟಿವ್ ತಾನಾಗೇ ಹೊತ್ತಿಕೊಳ್ಳುತ್ತೆ ಅಂತ ತಮ್ಮ ಹೆದರಿಸಿದ್ದಾನೆ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುತ್ತಿರುವ ಒಂದು ಫೋಟೊ ಪೂರ್ತಿ ಮಸುಕು, ಅಂಥವನ್ನು ಬಿಸಾಕಬಹುದಾ? ಇವೆಲ್ಲ ದೊರೆ ನಿಲ್ಲಿಸಿ ತೆಗೆಸಿದ ನಾಟಕ, ಇದಕ್ಕೇನು ಬೆಲೆ ಅಂತ ಭಾವ ಕೇಳುತ್ತಾರೆ. ತೊಂಬತ್ತರ ಹತ್ತಿರ ಬಂದಿರುವ ನಮ್ಮ ಸೋದರತ್ತೆಗೆ ಮಾತ್ರ ಕೆಲವು ಮುಖಗಳ ಗುರುತು ಸಿಗುತ್ತೆ.

ಉತ್ತರ: ನಾಟಿ ಫೋಟೊ ಬಿಸಾಕಬೇಡಿ. ಮಿಕ್ಕಿದ್ದೆಲ್ಲ ಆಮೇಲೆ.

ನಿಮ್ಮ ಪತ್ರದಲ್ಲಿ ಬೂಷ್ಟು, ಬೆಂಕಿ, ಅಂಟಿದ ಗಾಜು ಎಲ್ಲ ಮುಂದೆ ಬಂದಿವೆ. ಸೋದರತ್ತೆ ಕೊನೆಯಲ್ಲಿ ಬಂದಿದ್ದಾರೆ. ನಾನಾದರೆ ಈ ಪಟ್ಟಿಯನ್ನು ತಲೆಕೆಳಗು ಮಾಡುತ್ತೇನೆ. ಹಳೇ ಫೋಟೊಗಳ ದುರಸ್ತಿಯೇ ನನ್ನ ಕೆಲಸ, ಆದರೂ ಹೇಳುತ್ತೇನೆ, ಒಣಗಿದ ಜಾಗದಲ್ಲಿಟ್ಟರೆ ಬೂಷ್ಟು ಇನ್ನೊಂದು ವರ್ಷ ಕಾಯುತ್ತದೆ. ತೊಂಬತ್ತರ ಹತ್ತಿರದವರ ನೆನಪು ಕಾಯುತ್ತದೆ ಅಂತ ಹೇಳೋಕಾಗಲ್ಲ. ಹಾಗಾಗಿ ಈ ವಾರ ಎರಡೇ ಕೆಲಸ. ಟ್ರಂಕನ್ನು ಹೊರಗೋಡೆಗೆ ತಾಗದ, ಗಾಳಿ ಆಡುವ ಒಣ ಕೋಣೆಗೆ ತನ್ನಿ. ಗುರುತು ಸಿಗುವಂಥ ಫೋಟೊಗಳನ್ನು ಮೊಬೈಲಿನಲ್ಲಿ ತೆಗೆದು, ಎ4 ಹಾಳೆ ತುಂಬುವಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅತ್ತೆಯ ಮುಂದಿಡಿ. ಹೇಗೆ ಕೇಳಬೇಕು ಅನ್ನೋದಕ್ಕೆ ಮುಂದೆ ಬರುತ್ತೇನೆ.

ಈಗ ಸಲಹೆಗಳ ವಿಚಾರ. ಒಲೆ ಮೇಲಿನ ಅಟ್ಟದ ಮಾತು ಪೂರ್ತಿ ಸುಳ್ಳಲ್ಲ. ಹೊಗೆ, ಬಿಸಿ ಎರಡೂ ಇರುವುದರಿಂದ ಅಲ್ಲಿ ತೇವ ಕಡಿಮೆ, ಹುಳದ ಕಾಟವೂ ಕಡಿಮೆ. ನಿಮ್ಮ ಟ್ರಂಕು ಇಷ್ಟು ಮಳೆಗಾಲ ದಾಟಿ ಬಂದಿದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಆದರೆ ಸೌದೆ ಹೊಗೆಯ ಮಸಿ ಫೋಟೊದ ಮೇಲ್ಪದರಕ್ಕೆ ಕೂತರೆ ಬಿಡಿಸೋದು ಕಷ್ಟ. ಹೊಗೆಯಲ್ಲಿರುವ ಅನಿಲಗಳು ಚಿತ್ರದ ಬೆಳ್ಳಿಯನ್ನೂ ಕೆಡಿಸುತ್ತವೆ. ವಾಪಸ್ ಅಲ್ಲಿಗೆ ಏರಿಸಬೇಡಿ.

ಬಿಸಿಲು ಇನ್ನೂ ಕೆಟ್ಟದ್ದು. ಯಾಕೆ ಅಂತ ಗೊತ್ತಾಗಬೇಕಾದರೆ ಫೋಟೊ ಏತರಿಂದ ಆಗಿದೆ ಅಂತ ನೋಡಬೇಕು. ಆ ಕಾಲದ ಕಪ್ಪು ಬಿಳುಪು ಫೋಟೊದಲ್ಲಿ ಕೆಳಗೆ ಕಾಗದ, ಅದರ ಮೇಲೆ ಜೆಲಾಟಿನ್ ಪದರ. ಬೆಳ್ಳಿಯ ಸಣ್ಣ ಕಣಗಳು ಅದರೊಳಗೆ ಕೂತು ಚಿತ್ರವಾಗಿವೆ. ಜೆಲಾಟಿನ್ ಅಂದರೆ ದನದ ಚರ್ಮ, ಮೂಳೆಗಳಿಂದ ತೆಗೆದ ವಸ್ತು. ತೇವ ತಾಗಿದರೆ ಮಳೆಗಾಲದ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ತಟ್ಟನೆ ಒಣಗಿದರೆ ಬಿಗಿದುಕೊಳ್ಳುತ್ತದೆ. ಜೆಲಾಟಿನ್ ಬಿಗಿದಷ್ಟು ಕಾಗದ ಬಿಗಿಯಲ್ಲ. ಅದಕ್ಕೇ ಬಿಸಿಲಿಗಿಟ್ಟ ಫೋಟೊ ಸುರುಳಿ ಸುತ್ತಿಕೊಂಡು, ನೇರ ಮಾಡಲು ಹೋದರೆ ಬಿರುಕು ಬಿಡುತ್ತದೆ.

ಬೂಷ್ಟಿಗೆ ಇದೇ ಜೆಲಾಟಿನ್ ಊಟ. ಗಾಳಿಯ ತೇವಾಂಶ ಶೇ 65 ದಾಟಿ ಹಾಗೇ ಉಳಿದರೆ ಅದು ಬೆಳೆಯುತ್ತದೆ. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೇ 80 ದಾಟುವುದು ಮಾಮೂಲಿ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿ.ಮೀ.ಗೂ ಜಾಸ್ತಿ ಮಳೆ, ಅಲ್ಲಂತೂ ಕೇಳೋದೇ ಬೇಡ. ಹೀಗಾಗಿ ನಿಮ್ಮ ಮನೆಯವರು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವಂಥದ್ದೇನೂ ಇಲ್ಲ. ಮಲೆನಾಡಿನಲ್ಲಿ ಬೂಷ್ಟು ಹಿಡಿಯದ ಹಳೇ ಫೋಟೊ ಸಿಕ್ಕರೇ ನನಗೆ ಆಶ್ಚರ್ಯ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಬೂಷ್ಟು ತಿಂದ ಜೆಲಾಟಿನ್ ನೀರಿನಲ್ಲಿ ಕರಗುತ್ತದೆ. ನೋಡಲು ಪದರ ಹಾಗೇ ಇರುತ್ತದೆ. ಒದ್ದೆ ಹತ್ತಿಯಿಂದ ಒಂದು ಸಲ ಒರೆಸಿ, ಬೂಷ್ಟಿನ ಜೊತೆ ಮೂಗು, ಬಾಯಿ, ಗಲ್ಲ ಎಲ್ಲ ಹತ್ತಿಗೆ ಬರುತ್ತದೆ. ಹೀಗೆ ಮುಖ ಹೋದ ಫೋಟೊಗಳು ನನ್ನ ಟೇಬಲ್ಲಿಗೆ ಬರುತ್ತಲೇ ಇರುತ್ತವೆ. ಒರೆಸಿದವರು ಯಾವಾಗಲೂ ಒಳ್ಳೇ ಮನಸ್ಸಿನಿಂದಲೇ ಒರೆಸಿರುತ್ತಾರೆ. ಗಾಜು ಒರೆಸುವ ದ್ರಾವಣ, ಸೀಮೆಎಣ್ಣೆ, ಸ್ಯಾನಿಟೈಸರ್, ಯಾವುದೂ ಬೇಡ.

ಹಾಗಾದರೆ ಏನು ಮಾಡೋದು? ಮೊದಲು ಒಣಗಿಸಿ, ಆಮೇಲೆ ಕೈ ಹಚ್ಚಿ. ಬೇಸಿಗೆ ನಿಮ್ಮ ಪಾಲಿಗಿದೆ. ನೆರಳಿನ ಕೋಣೆಯಲ್ಲಿ ಬಿಳಿ ಹತ್ತಿ ಬಟ್ಟೆಯ ಮೇಲೆ ಫೋಟೊಗಳನ್ನು ಮುಖ ಮೇಲೆ ಮಾಡಿ ಹರಡಿ. ಫ್ಯಾನ್ ಗೋಡೆ ಕಡೆ ತಿರುಗಿರಲಿ. ಕೆಲವು ದಿನ ಕಳೆದ ಮೇಲೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಫೋಟೊದ ಅಂಚಿಗೆ ಮಲಗಿಸಿ ಬೆಳಕು ಅಡ್ಡಡ್ಡ ಹರಿಯುವಂತೆ ಬಿಡಿ. ನೇರ ಬೆಳಕಿನಲ್ಲಿ ಕಾಣದ್ದೆಲ್ಲ ಆಗ ಕಾಣುತ್ತದೆ. ಬೂಷ್ಟು ಪುಡಿಪುಡಿಯಾಗಿ ಮೇಲೇ ಕೂತಿದ್ದರೆ ಅದರ ನೆರಳು ಚಿತ್ರದ ಮೇಲೆ ಬೀಳುತ್ತದೆ. ಇಂಥದ್ದನ್ನು ಜಗಲಿಗೆ ತಂದು, ಎನ್95 ಮಾಸ್ಕ್ ಹಾಕಿಕೊಂಡು, ಬಣ್ಣ ಹಚ್ಚುವ ಮೆತ್ತನೆಯ ಹೊಸ ಬ್ರಷ್ಷಿನಿಂದ ನಿಮ್ಮಿಂದ ಆಚೆಗೆ ಮೆಲ್ಲಗೆ ಗುಡಿಸಬಹುದು. ಬದಲಿಗೆ ಸಣ್ಣ ಸಣ್ಣ ಕುಳಿಗಳು, ಜೇಡರಬಲೆಯಂಥ ಗೆರೆಗಳು ಕಂಡರೆ ಬೂಷ್ಟು ಪದರದೊಳಗೆ ಹೊಕ್ಕಿದೆ ಅಂತ ಲೆಕ್ಕ. ಅಂಥದ್ದನ್ನು ಮುಟ್ಟಬೇಡಿ, ಬೇರೆ ಕವರಿನಲ್ಲಿಡಿ. ಕಲೆ ಹೋಗುವುದಿಲ್ಲ. ಹೋಗಲೇಬೇಕು ಅಂತ ಹಟ ಹಿಡಿಯುವ ಅಗತ್ಯವೂ ಇಲ್ಲ. ಆಸ್ತಮಾ ಇರುವವರು ಈ ಕೆಲಸಕ್ಕೆ ಕೂರಬಾರದು.

ಅಂಚಿನ ಬೆಳ್ಳಿ ಹೊಳಪು ಬೂಷ್ಟಲ್ಲ, ಕೊಳೆಯೂ ಅಲ್ಲ. ಚಿತ್ರದೊಳಗಿನ ಬೆಳ್ಳಿ ಗಾಳಿ, ತೇವಕ್ಕೆ ಕೆಟ್ಟು ಮೇಲಕ್ಕೆ ಬಂದು ಕೂತಿದೆ. ಗಾಳಿ ಅಂಚಿನಿಂದ ಒಳಗೆ ಬರುವುದರಿಂದ ಅಲ್ಲೇ ಮೊದಲು ಕಾಣುತ್ತದೆ. ರಬ್ಬರಿನಿಂದ ಉಜ್ಜಿದರೆ ಚಿತ್ರವೇ ಉಜ್ಜಿಹೋಗುತ್ತದೆ. ಹಾಗೇ ಬಿಡಿ. ಅಂದ ಹಾಗೆ, ಗಾಜಿನ ಪ್ಲೇಟಿನಿಂದ ಬೆಳ್ಳಿ ತೆಗೀತೀವಿ ಅಂತ ಗುಜರಿಯವರು ಯಾರಾದರೂ ಕೇಳಿಕೊಂಡು ಬಂದರೆ ಬಾಗಿಲಲ್ಲೇ ಕಳಿಸಿ. ಸಿಗುವ ಬೆಳ್ಳಿ ತೀರಾ ಕಡಿಮೆ.

ಗಾಜಿಗೆ ಅಂಟಿದ ಗ್ರೂಪ್ ಫೋಟೊ ನಿಮ್ಮ ಟ್ರಂಕಿನಲ್ಲಿ ನನಗೆ ಜಾಸ್ತಿ ಯೋಚನೆ ಹುಟ್ಟಿಸುವ ವಸ್ತು. ಫ್ರೇಮು ಕಟ್ಟಿದವರು ಗಾಜಿಗೂ ಫೋಟೊಗೂ ನಡುವೆ ಸಂದು ಬಿಟ್ಟಿಲ್ಲ. ತೇವಕ್ಕೆ ಮೆತ್ತಗಾದ ಜೆಲಾಟಿನ್ ಗಾಜನ್ನು ಹಿಡಿದುಕೊಂಡಿದೆ. ಅಂಟಿದ ಕಡೆ ಒದ್ದೆಯಾದಂತೆ ಕಪ್ಪಗೆ ಹೊಳೆಯುತ್ತದೆ, ಅಂಟದ ಕಡೆ ಮಂಕಾಗಿರುತ್ತದೆ. ಬ್ಲೇಡು ತೂರಿಸಬೇಡಿ, ಹೇರ್ ಡ್ರೈಯರ್ ಬೇಡ, ಫ್ರಿಜ್ಜಿಗಿಟ್ಟರೆ ತಾನೇ ಬಿಡುತ್ತೆ ಅನ್ನುವ ಮಾತನ್ನೂ ನಂಬಬೇಡಿ. ನೀರಿನಲ್ಲಿ ನೆನೆಸಿ ಬಿಡಿಸುವ ಪದ್ಧತಿ ಇದೆ, ನಿಜ. ಆದರೆ ಬೂಷ್ಟು ಹಿಡಿದ ಫೋಟೊಗೆ ಅದು ಜೂಜು. ಕೈಯಿಂದ ಬಣ್ಣ ಹಚ್ಚಿದ್ದರೆ, ಇಂಕಿನಲ್ಲಿ ಹೆಸರು ಬರೆದಿದ್ದರೆ ಅವೂ ಹೋಗುತ್ತವೆ.

ಇದಕ್ಕೆ ದಾರಿ ಎರಡು. ಒಂದು, ಬಿಡಿಸದೇ ಇರುವುದು. ಗಾಜಿನ ಸಮೇತ ಸ್ಕ್ಯಾನ್ ಮಾಡಿ, ಹಿಂದಿನ ಹಳೇ ರಟ್ಟು ಅಂಟಿಲ್ಲದಿದ್ದರೆ ತೆಗೆದು ಆಮ್ಲರಹಿತ ರಟ್ಟು ಹಾಕಿಸಿ, ಗಾಜೂ ಫೋಟೊವೂ ಒಂದೇ ವಸ್ತು ಅಂದುಕೊಂಡು ಇಟ್ಟುಬಿಡಿ. ಗಾಜು ಒಡೆದರೆ ಫೋಟೊ ಹರಿಯುತ್ತದೆ, ಅಷ್ಟೇ ಅಪಾಯ. ಗೋಡೆಗೆ ತೂಗುಹಾಕಬೇಡಿ, ಮಲಗಿಸಿಡಿ. ಎರಡು, ತಜ್ಞರ ಕೈಗೆ ಕೊಡುವುದು. ಪರಂಪರೆಯ ವಸ್ತು, ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲಿದೆ, ಮೊದಲು ಅಲ್ಲಿ ವಿಚಾರಿಸಿ. ಅವರೂ ಪೂರ್ತಿ ಬಿಡಿಸಿಕೊಡುತ್ತೇವೆ ಅಂತ ಮಾತು ಕೊಡಲಾರರು. ಹಾಗೆ ಗ್ಯಾರಂಟಿ ಕೊಡುವವರ ಹತ್ತಿರ ಹೋಗಬೇಡಿ. ನನ್ನನ್ನು ಕೇಳಿದರೆ ಮೊದಲನೆಯದೇ ಸಾಕು.

ಲ್ಯಾಮಿನೇಶನ್‌ಗೆ ಒಂದೇ ಮಾತು: ಬೇಡ. ಬಿಸಿಗೆ ಜೆಲಾಟಿನ್ ಕೆಡುತ್ತದೆ, ಪ್ಲಾಸ್ಟಿಕ್ಕನ್ನು ಮತ್ತೆ ಕೀಳಲು ಆಗುವುದಿಲ್ಲ.

ನಿಮ್ಮ ತಮ್ಮ ಹೇಳಿದ ಬೆಂಕಿಯ ಮಾತಿನಲ್ಲಿ ಸತ್ಯ ಇದೆ, ಆದರೆ ನಿಮ್ಮ ಕವರಿಗೆ ಬಹುಶಃ ಅದು ಅನ್ವಯಿಸಲ್ಲ. ಹಳೇ ಕಾಲದ ಫಿಲ್ಮುಗಳಲ್ಲಿ ಎರಡು ಜಾತಿ. 19ನೇ ಶತಮಾನದ ಕೊನೆಯಿಂದ ಬಳಕೆಯಲ್ಲಿದ್ದದ್ದು ನೈಟ್ರೇಟ್. ಅದು ಕೆಟ್ಟಾಗ ಕಡಿಮೆ ಬಿಸಿಗೂ ಹೊತ್ತಿಕೊಳ್ಳಬಲ್ಲದು, ಹೊತ್ತಿಕೊಂಡರೆ ನೀರು ಹಾಕಿದರೂ ಆರುವುದು ಕಷ್ಟ. ಸಿನಿಮಾ ರೀಲುಗಳ ಗೋದಾಮು ಸುಟ್ಟ ಕಥೆಗಳೆಲ್ಲ ಇದರವು. ಆಮೇಲೆ ಬಂದದ್ದು ಅಸಿಟೇಟ್. ಅದರ ಅಂಚಿನಲ್ಲಿ ಎಷ್ಟೋ ಸಲ ಇಂಗ್ಲಿಷ್‌ನಲ್ಲಿ ‘ಸೇಫ್ಟಿ’ ಅಂತ ಇರುತ್ತದೆ. ಕೊಡಕ್ ಕಂಪನಿ 1951ರ ಹೊತ್ತಿಗೆ ನೈಟ್ರೇಟ್ ಫಿಲ್ಮ್ ಮಾಡುವುದನ್ನೇ ನಿಲ್ಲಿಸಿತು. ನಿಮ್ಮ ತಾತನ ಕಾಲದಲ್ಲಿ ಎರಡೂ ಚಾಲ್ತಿಯಲ್ಲಿದ್ದವು.

ವಿನೆಗರ್ ವಾಸನೆ ಬರುವುದು ಅಸಿಟೇಟ್‌ನಿಂದ. ಅಂದರೆ ಆ ವಾಸನೆಯೇ ನಿಮಗೆ ಸಮಾಧಾನದ ಸುದ್ದಿ, ಅದು ಬೆಂಕಿಯ ಜಾತಿಯಲ್ಲ. ಆದರೆ ಫಿಲ್ಮು ಕೊಳೆಯುತ್ತಿದೆ. ಕೊಳೆತಾಗ ಹುಟ್ಟುವ ಆಮ್ಲ ಇನ್ನಷ್ಟು ಕೊಳೆಯುವಂತೆ ಮಾಡುತ್ತದೆ, ಪಕ್ಕದ ಫೋಟೊಗಳಿಗೂ ತೊಂದರೆ. ಫಿಲ್ಮು ಕುಗ್ಗಿ, ಮೇಲಿನ ಜೆಲಾಟಿನ್ ಸುಕ್ಕುಸುಕ್ಕಾಗಿ ಏಳುತ್ತದೆ. ಇದನ್ನು ಹಿಂದಕ್ಕೆ ತಿರುಗಿಸಲು ಯಾರಿಂದಲೂ ಆಗಲ್ಲ. ಆದ್ದರಿಂದ ಇಡೀ ಟ್ರಂಕಿನಲ್ಲಿ ಮೊದಲು ಸ್ಕ್ಯಾನ್ ಆಗಬೇಕಾದದ್ದು ಈ ಕವರು. ಬೇರೆ ಇಡಿ, ಕಾಗದದ ಕವರಿಗೆ ಹಾಕಿ, ಗಾಳಿ ಆಡಲಿ. ಅವುಗಳ ನಡುವೆ ಹಳದಿ, ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿರುವ, ಬೇರೆಯದೇ ಘಾಟು ವಾಸನೆಯ ತುಂಡುಗಳು ಕಂಡರೆ ಅವು ನೈಟ್ರೇಟ್ ಇರಬಹುದು. ಮುಚ್ಚಿದ ಡಬ್ಬಿಯಲ್ಲಿ ತುಂಬಬೇಡಿ, ಹಂಚಿನ ಕೆಳಗೆ, ಒಲೆ ಹತ್ತಿರ ಇಡಬೇಡಿ, ತಜ್ಞರಿಗೆ ತೋರಿಸಿ. ಹತ್ತಿಪ್ಪತ್ತು ಬಿಡಿ ನೆಗೆಟಿವ್‌ಗಳ ಅಪಾಯ ಸಿನಿಮಾ ರೀಲಿನಷ್ಟು ಇಲ್ಲ. ಹೆದರಿ ಹಿತ್ತಲಲ್ಲಿ ಸುಡಲು ಮಾತ್ರ ಹೋಗಬೇಡಿ, ಅದರ ಹೊಗೆ ವಿಷ.

ಗಾಜಿನ ಪ್ಲೇಟುಗಳೂ ನೆಗೆಟಿವ್‌ಗಳೇ, ಅವನ್ನು ಅಂಚು ಹಿಡಿದೇ ಎತ್ತಿ. ಹೊಳೆಯುವುದು ಬರೀ ಗಾಜಿನ ಬದಿ, ಮಂಕಾಗಿರುವುದು ಚಿತ್ರದ ಬದಿ. ಒಂದರ ಮೇಲೊಂದು ಪೇರಿಸಬೇಡಿ, ಒಂದೊಂದಕ್ಕೂ ಕಾಗದ ಸುತ್ತಿ ಉದ್ದದ ಬದಿ ಕೆಳಗಾಗಿ ನಿಲ್ಲಿಸಿ. ಮನೆಯಲ್ಲೇ ಇವುಗಳ ಪ್ರತಿ ತೆಗೆಯಬಹುದು. ಟ್ಯಾಬ್ಲೆಟ್‌ನಲ್ಲಿ ಬರೀ ಬಿಳಿ ಪರದೆ ತೆರೆದು ಮಲಗಿಸಿ. ಅದರ ಎರಡು ಪಕ್ಕ ಪುಸ್ತಕ ಇಟ್ಟು, ಪ್ಲೇಟು ಪರದೆಗಿಂತ ನಾಲ್ಕೈದು ಸೆಂ.ಮೀ. ಮೇಲೆ ಇರುವಂತೆ ಅಂಚುಗಳ ಮೇಲೆ ಕೂರಿಸಿ. ಕೋಣೆ ಕತ್ತಲು ಮಾಡಿ ಮೊಬೈಲಿನಲ್ಲಿ ತೆಗೆದು, ಆಮೇಲೆ ಬಣ್ಣ ತಿರುವುಮುರುವು ಮಾಡಿದರೆ ಚಿತ್ರ ಎದ್ದು ಬರುತ್ತದೆ.

ಇನ್ನು ನಿಮ್ಮ ಭಾವನ ಪ್ರಶ್ನೆ. ಅದು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ದೊರೆ ನಿಲ್ಲಿಸಿಯೇ ತೆಗೆಸಿರುತ್ತಾನೆ. ಬೆಟ್ಟದ ಬದುಕಿನ ಹಳೇ ಫೋಟೊಗಳ ಚರಿತ್ರೆಯೇ ಹಾಗೆ. 1860ರ ದಶಕದಲ್ಲಿ ಇಂಗ್ಲಿಷ್ ಫೋಟೊಗ್ರಾಫರ್ ಸ್ಯಾಮ್ಯುಯೆಲ್ ಬೋರ್ನ್ ಹಿಮಾಲಯ ಹತ್ತಿದಾಗ ಗಾಜಿನ ಫಲಕ, ರಾಸಾಯನಿಕ, ಡೇರೆ ಹೊರಲು ಹತ್ತಾರು ಕೂಲಿಗಳು ಬೇಕಾದರು. ಫಲಕ ಒದ್ದೆ ಇರುವಾಗಲೇ ಚಿತ್ರ ತೆಗೆದು ತೊಳೆಯಬೇಕಿತ್ತು, ಹಲವು ಸೆಕೆಂಡು ಯಾರೂ ಅಲ್ಲಾಡುವಂತಿರಲಿಲ್ಲ. ಊಟಿಯಲ್ಲಿ ಸ್ಟುಡಿಯೊ ನಡೆಸುತ್ತಿದ್ದ ಎ.ಟಿ.ಡಬ್ಲ್ಯೂ. ಪೆನ್ ನೀಲಗಿರಿಯ ಮೂಲ ಸಮುದಾಯಗಳಾದ ತೋಡರನ್ನು, ಬಡಗರನ್ನು ತೆಗೆದಾಗಲೂ ಕೊಳ್ಳುವವರು ಬಿಳಿಯರೇ. ಮಂಗಳೂರು, ಕೊಡಗು, ನೀಲಗಿರಿಯಲ್ಲಿ ಕೆಲಸ ಮಾಡಿದ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಶನ್‌ನ ಚಿತ್ರಸಂಗ್ರಹದಲ್ಲಿ ಸಾವಿರಾರು ಫೋಟೊಗಳಿವೆ, ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ಅಂಥ ಸಂಗ್ರಹಗಳಲ್ಲಿ ಫಾದ್ರಿಯ ಹೆಸರು ಸಿಗುತ್ತದೆ, ದೊರೆಯ ಹೆಸರು ಸಿಗುತ್ತದೆ. ಬುಟ್ಟಿ ಹೊತ್ತವರು ಬಹಳ ಸಲ ಬರೀ ‘ಕೂಲಿ’, ಬರೀ ಜಾತಿಯ ಹೆಸರು.

ಆದರೂ ನಿಲ್ಲಿಸಿ ತೆಗೆದ ಫೋಟೊ ಪೂರ್ತಿ ಸುಳ್ಳು ಹೇಳುವುದಿಲ್ಲ. ಭಂಗಿ ಮಾತ್ರ ದೊರೆಯದು. ಬುಟ್ಟಿ, ಕಂಬಳಿ ಕೊಪ್ಪೆ, ಬರಿಗಾಲು, ಮೇಸ್ತ್ರಿಯ ಕೈಯ ಕೋಲು, ತಾಯಿಯ ಸೊಂಟದ ಮೇಲಿನ ಮಗು, ಇವು ದೊರೆ ತರಿಸಿದ್ದಲ್ಲ. ಲೈನ್ ಮನೆಯ ಫೋಟೊ ತೆಗೆದು ನೋಡಿ. ಯಾರು ನಡುವೆ, ಯಾರು ಅಂಚಿಗೆ, ಯಾರು ಕುರ್ಚಿಯಲ್ಲಿ, ಯಾರು ನೆಲದ ಮೇಲೆ? ತೋಟದ ಲೆಕ್ಕದ ಪುಸ್ತಕ ಹೇಳದ್ದನ್ನು ಈ ಸಾಲು ಹೇಳುತ್ತದೆ. ನಿಮ್ಮ ತಾತ ರೈಟರ್ ಆಗಿದ್ದವರು, ದೊರೆಗೂ ಆಳುಗಳಿಗೂ ನಡುವಿನ ಜಾಗ ಅವರದ್ದು. ಫೋಟೊದಲ್ಲೂ ನಡುವೆಯೇ ನಿಂತಿರುತ್ತಾರೆ ನೋಡಿ.

ಈಗ ಆ ಮಸುಕು ನಾಟಿ ಫೋಟೊ. ತೋಟದ ಫೋಟೊಗಳು ಜಾಸ್ತಿ ಸಿಗುವುದು ಹಣ್ಣು ಕೊಯ್ಯುವ, ಕಣದಲ್ಲಿ ಒಣಗಿಸುವ ಕಾಲದವು. ನವೆಂಬರ್ ಕಳೆದ ಮೇಲೆ ಆಕಾಶ ತಿಳಿ, ಬೆಳಕು ಧಾರಾಳ. ನಾಟಿ ಆಗುವುದು ಆಷಾಢ, ಶ್ರಾವಣದ ಮಳೆಯಲ್ಲಿ. ಆಗ ಬೆಳಕಿಲ್ಲ, ಕ್ಯಾಮೆರಾ ಹೊರಗೆ ತೆಗೆಯುವ ಹಾಗಿಲ್ಲ. ಹಾಗಾಗಿ ನಮ್ಮ ಬೆಟ್ಟದ ಊರುಗಳ ಹಳೇ ಫೋಟೊಗಳಲ್ಲಿ ಮಳೆಗಾಲವೇ ಇಲ್ಲ ಅನ್ನುವಷ್ಟು ಕಡಿಮೆ. ವರ್ಷದ ಮೂರರಲ್ಲೊಂದು ಪಾಲು ಬದುಕಿಗೆ ಚಿತ್ರವೇ ಇಲ್ಲ. ನಿಮ್ಮ ಫೋಟೊ ಮಸುಕಾಗಿರುವುದು ಕ್ಯಾಮೆರಾ ಹಿಡಿದವರ ತಪ್ಪಲ್ಲ. ಮೋಡದ ಬೆಳಕಿಗೆ ಷಟರ್ ಜಾಸ್ತಿ ಹೊತ್ತು ತೆರೆದಿರಬೇಕು, ಹೆಂಗಸರ ಕೈ ಮಾತ್ರ ನಿಂತಿಲ್ಲ. ಅಂದರೆ ಅವರು ಭಂಗಿ ಕೊಡುತ್ತಿಲ್ಲ, ಕೆಲಸ ಮಾಡುತ್ತಿದ್ದಾರೆ! ಭಾವನಿಗೆ ಈ ಫೋಟೊವನ್ನೇ ತೋರಿಸಿ.

ಅತ್ತೆಯ ಹತ್ತಿರ ಕೂರುವಾಗ ಮೂಲ ಫೋಟೊ ಬೇಡ, ಎ4 ಪ್ರತಿ ಇರಲಿ. ಒಬ್ಬೊಬ್ಬರ ಮೇಲೂ ಒಂದು ನಂಬರ್ ಹಾಕಿ. ಮೊಬೈಲಿನಲ್ಲಿ ಮಾತು ರೆಕಾರ್ಡ್ ಆಗುತ್ತಿರಲಿ, ಮೊದಲೇ ಹೇಳಿ ಒಪ್ಪಿಗೆ ತಗೊಳ್ಳಿ. ‘ಇವರು ಯಾರು’ ಅಂತ ಒಂದೇ ಸಮ ಕೇಳಿದರೆ ಪರೀಕ್ಷೆ ಅನ್ನಿಸಿ ಸುಮ್ಮನಾಗುತ್ತಾರೆ. ‘ಈ ಬುಟ್ಟಿ ಎಷ್ಟು ತುಂಬಿದರೆ ಒಂದು ಆಳಿನ ಲೆಕ್ಕ ಅತ್ತೆ?’, ‘ಈ ಲೈನ್ ಮನೆ ಈಗ ಎಲ್ಲಿದೆ?’, ‘ಇವರು ಯಾವ ಸೀಮೆಯಿಂದ ಬರ್ತಿದ್ರು?’ ಅಂತ ಶುರು ಮಾಡಿ, ಹೆಸರುಗಳು ತಾವಾಗೇ ಬರುತ್ತವೆ. ಅವರು ಹೇಳಿದ್ದು ತಪ್ಪು ಅನ್ನಿಸಿದರೂ ನಡುವೆ ತಿದ್ದಬೇಡಿ. ಲೈನ್ ಮನೆಯವರ ಮಕ್ಕಳು, ಮೊಮ್ಮಕ್ಕಳು ಸುತ್ತಮುತ್ತ ಇದ್ದರೆ ಅವರಿಗೂ ಒಂದೊಂದು ಪ್ರತಿ ಕೊಡಿ. ನಿಮ್ಮ ತಾತನಿಗೆ ಗೊತ್ತಿಲ್ಲದ್ದು ಅವರ ಮನೆಯಲ್ಲಿ ಗೊತ್ತಿರುತ್ತದೆ. ಫೇಸ್‌ಬುಕ್ಕಿಗೆ ಹಾಕುವ ಮುಂಚೆ ಅವರನ್ನು ಕೇಳುವುದು ಒಳ್ಳೆಯದು. ಅಜ್ಜಿ ಹರಿದ ಸೀರೆಯಲ್ಲಿ ಸಾಲಿನಲ್ಲಿ ನಿಂತದ್ದನ್ನು ಊರೆಲ್ಲ ನೋಡಲಿ ಅಂತ ಎಲ್ಲರಿಗೂ ಅನ್ನಿಸಬೇಕೆಂದಿಲ್ಲ.

ಸ್ಕ್ಯಾನ್‌ಗೆ ಕೊಟ್ಟಾಗ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ), ಅಂಗೈಗಿಂತ ಚಿಕ್ಕವಕ್ಕೆ 1200, ಟಿಫ್ ಫೈಲ್ ಅಂತ ಹೇಳಿ. ಹಿಂಬದಿಯದ್ದೂ ಆಗಲಿ. ಸ್ಟುಡಿಯೊ ಮುದ್ರೆ, ಪೆನ್ಸಿಲ್ ಬರಹ, ಕಾಗದದ ಕಂಪನಿಯ ಹೆಸರು ಎಲ್ಲ ಅಲ್ಲಿರುತ್ತವೆ. ಆದಷ್ಟು ನಿಮ್ಮ ಕಣ್ಣೆದುರೇ ಮಾಡಿಸಿ, ರಾಶಿ ಹಾಕಿ ಬಿಟ್ಟು ಬರಬೇಡಿ. ಸ್ಕ್ಯಾನ್ ಆಯ್ತು ಅಂತ ಮೂಲವನ್ನು ಬಿಸಾಕುವುದೂ ಬೇಡ, ಹಾರ್ಡ್ ಡಿಸ್ಕ್ ಕೂಡ ಕೆಡುತ್ತದೆ.

ಎಐ ಬಣ್ಣದ ಆಸೆ ಇದ್ದರೆ ಪ್ರತಿಯ ಮೇಲೆ ಮಾಡಿಸಿ, ಹಾಗೆ ಮಾಡಿದ್ದು ಅಂತ ಕೆಳಗೆ ಬರೆಸಿ. ಆದರೆ ‘ಮುಖ ಸ್ಪಷ್ಟ ಮಾಡ್ತೀವಿ’ ಅನ್ನುವುದರ ಬಗ್ಗೆ ಹುಷಾರು. ಅದು ಇಲ್ಲದ್ದನ್ನು ಊಹಿಸಿ ತುಂಬುತ್ತದೆ. ನಿಮ್ಮ ತಾತನ ಹಾಗಿರುವ ಇನ್ಯಾರೋ ಬರುತ್ತಾರೆ. ಮೂಗುಬೊಟ್ಟು ಬೂಷ್ಟಿನ ಚುಕ್ಕೆ ಅಂದುಕೊಂಡು ಅಳಿಸಿಬಿಡುತ್ತದೆ.

ಇಡುವ ವಿಷಯಕ್ಕೆ ಬಂದರೆ, ನಮ್ಮ ಮಳೆಸೀಮೆಗೆ ಪ್ಲಾಸ್ಟಿಕ್ ಕವರಿಗಿಂತ ಆಮ್ಲರಹಿತ ಕಾಗದದ ಕವರೇ ವಾಸಿ. ಪ್ಲಾಸ್ಟಿಕ್ಕಿನೊಳಗೆ ತೇವ ಸಿಕ್ಕಿಕೊಂಡರೆ ಗಾಜಿಗೆ ಅಂಟಿದ ಹಾಗೇ ಅದಕ್ಕೂ ಅಂಟುತ್ತದೆ. ಹೆಸರು, ನಂಬರನ್ನು ಫೋಟೊದ ಹಿಂದೆ ಬಾಲ್ ಪೆನ್ನಿನಲ್ಲಿ ಒತ್ತಿ ಬರೆಯಬೇಡಿ. ಕವರಿನ ಮೇಲೆ ಪೆನ್ಸಿಲಿನಲ್ಲಿ ಬರೆದು, ಆಮೇಲೆ ಫೋಟೊ ಹಾಕಿ. ಪೆಟ್ಟಿಗೆ ಸ್ಟೀಲ್ ಬೀರುವಿನ ನಡುವಿನ ಖಾನೆಯಲ್ಲಿರಲಿ. ಮಳೆಗಾಲದಲ್ಲಿ ಜೊತೆಗೆ ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಅಕ್ಕಿ ಇಟ್ಟರೆ ಹುಳ ಕರೆದಂತೆ. ನುಸಿಗುಳಿಗೆಯೂ ಬೇಡ. ತಂಪಿನಲ್ಲಿ ಫಿಲ್ಮು ಬಾಳಿಕೆ ಬರುತ್ತದೆ ನಿಜ, ಆದರೆ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಕಡೆ ಮನೆಯ ಫ್ರಿಜ್ಜಿನೊಳಗೆ ಬೆವರು ಕಟ್ಟುತ್ತದೆ, ಆ ಸಾಹಸ ಬೇಡ.

ಕೊಡಗಿನ 2018ರ ಆಗಸ್ಟ್ ಮಳೆಯ ನೆನಪಿರುವವರಿಗೆ ಇನ್ನೊಂದು ಮಾತು. ಫೋಟೊಗಳು ಪೂರ್ತಿ ನೆನೆದುಹೋದರೆ ರಾಶಿಯಲ್ಲೇ ಒಣಗಲು ಬಿಡಬೇಡಿ, ಇಟ್ಟಿಗೆಯಂತೆ ಅಂಟಿಕೊಳ್ಳುತ್ತವೆ. ಶುದ್ಧ ತಣ್ಣೀರಿನಲ್ಲಿ ಒಂದೊಂದಾಗಿ ಬಿಡಿಸಿ, ಎರಡು ದಿನದೊಳಗೆ ಮುಖ ಮೇಲೆ ಮಾಡಿ ನೆರಳಲ್ಲಿ ಹರಡಿ. ಬೂಷ್ಟು ಹಿಡಿದ ಒಣ ಫೋಟೊಗೆ ನೀರು ಬೇಡ ಅಂದೆ, ಹಸಿ ರಾಶಿಗೆ ಬೇಕು ಅನ್ನುತ್ತಿದ್ದೇನೆ. ಎರಡನ್ನೂ ಕಲಸಿಕೊಳ್ಳಬೇಡಿ.

ಟ್ರಂಕನ್ನು ಯಾವುದಾದರೂ ಸಂಸ್ಥೆಗೆ ಕೊಟ್ಟುಬಿಡೋಣ ಅನ್ನಿಸಿದರೆ ಅವಸರ ಮಾಡಬೇಡಿ. ಸ್ಕ್ಯಾನ್ ಪ್ರತಿ ಕೊಟ್ಟು ಮೂಲವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದಾ ಅಂತ ಮೊದಲು ಕೇಳಿ. ಮೂಲವನ್ನೇ ಕೊಡುವುದಾದರೆ ಎಲ್ಲಿಡುತ್ತಾರೆ, ನಿಮ್ಮವರು ಹೋಗಿ ನೋಡಬಹುದಾ, ಅತ್ತೆ ಹೇಳಿದ ಹೆಸರುಗಳನ್ನು ಫೋಟೊ ಜೊತೆಗೇ ದಾಖಲಿಸುತ್ತಾರಾ ಅನ್ನುವುದನ್ನು ಬರವಣಿಗೆಯಲ್ಲಿ ತಗೊಳ್ಳಿ. ಮೂರನೆಯದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಕೊಡಬೇಡಿ.